ಮೊದಲು ಚಿಕಿತ್ಸೆ, ಆಮೇಲೆ ಕಾಗದ

ಲೈಂಗಿಕ ದೌರ್ಜನ್ಯಕ್ಕೆ ತುತ್ತಾದವರು ಆಸ್ಪತ್ರೆಗೆ ಮೂರು ಬಗೆಯಲ್ಲಿ ಬರುತ್ತಾರೆ ಎಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಗುರುತಿಸುತ್ತದೆ. ಕೆಲವರು ತಾವಾಗಿಯೇ ಚಿಕಿತ್ಸೆ ಕೇಳಿ ಬರುತ್ತಾರೆ, ಕೆಲವರನ್ನು ಪೊಲೀಸರು ಕೋರಿಕೆ ಪತ್ರದೊಂದಿಗೆ ಕರೆತರುತ್ತಾರೆ, ಇನ್ನು ಕೆಲವರು ನ್ಯಾಯಾಲಯದ ಆದೇಶದ ಮೇಲೆ ಬರುತ್ತಾರೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟದ ಸೀಮೆಯಲ್ಲಿ ನಾಲ್ಕನೆಯದೊಂದು ಬಗೆಯೂ ಇದೆ. ಹೊಟ್ಟೆನೋವು, ಬಿಳಿಸೆರಗು, ನಿದ್ದೆ ಬರುವುದಿಲ್ಲ, ಮುಟ್ಟು ನಿಂತಿದೆ ಎಂದು ಹೇಳಿಕೊಂಡು ಬರುವ ಹೆಣ್ಣುಮಗಳು ನಿಜವಾದ ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ (2019–21), ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಶೇ 77 ಮಂದಿ ನೆರವನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಹೀಗಾಗಿ ದೌರ್ಜನ್ಯಕ್ಕೆ ತುತ್ತಾದವರ ಆರೈಕೆ ಅಪರೂಪಕ್ಕೊಮ್ಮೆ ಬರುವ ಪೊಲೀಸ್ ಕೇಸಿಗಷ್ಟೇ ಸೇರಿದ್ದಲ್ಲ. ಹೊರರೋಗಿ ವಿಭಾಗದ ದಿನನಿತ್ಯದ ಸಾಲಿನಲ್ಲೂ ಅದರ ಅಗತ್ಯವಿರುವವರು ನಿಂತಿರುತ್ತಾರೆ.

ದೇಹಕ್ಕೆ ಆದ ಗಾಯದಷ್ಟೇ ಮನಸ್ಸಿಗೆ ಆದ ಆಘಾತವನ್ನೂ ಲೆಕ್ಕಕ್ಕೆ ಹಿಡಿದು ಚಿಕಿತ್ಸೆ ಕೊಡುವ ಪದ್ಧತಿಗೆ ಅರ್ಧ ಶತಮಾನದ ಇತಿಹಾಸವಿದೆ. ಬಾಸ್ಟನ್ ಸಿಟಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಮಹಿಳೆಯರೊಂದಿಗೆ ಮಾತಾಡಿದ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ 1974ರಲ್ಲಿ ಅತ್ಯಾಚಾರದ ನಂತರ ಕಾಣುವ ಲಕ್ಷಣಗಳನ್ನು ಮೊದಲ ಬಾರಿಗೆ ಒಟ್ಟಾಗಿ ದಾಖಲಿಸಿದರು. ಕೆಲವರು ಅಳುತ್ತಿದ್ದರು, ನಡುಗುತ್ತಿದ್ದರು. ಹೆಚ್ಚುಕಡಿಮೆ ಅಷ್ಟೇ ಮಂದಿ ಶಾಂತವಾಗಿ, ಏನೂ ಆಗಿಲ್ಲವೆಂಬಂತೆ ಕೂತಿದ್ದರು. ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರ ಬಗ್ಗೆ 2017ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ದೌರ್ಜನ್ಯದ ಹೊತ್ತಿನಲ್ಲಿ ಕೈಕಾಲು ಆಡದೆ ಮರಗಟ್ಟಿದ ಅನುಭವ ಶೇ 70 ಮಂದಿಗೆ ಆಗಿತ್ತು. ಬೆದರಿದ ದೇಹಕ್ಕೆ ಓಡುವುದು, ಕಾದಾಡುವುದು ಮಾತ್ರವಲ್ಲ, ಸ್ತಬ್ಧವಾಗಿಬಿಡುವುದೂ ಗೊತ್ತು. ಅದರ ಮೇಲೆ ಇಚ್ಛೆಯ ಹಿಡಿತವಿಲ್ಲ. ನೆನಪೂ ಹಾಗೆಯೇ. ವಾಸನೆ, ಸದ್ದು, ಒಂದು ಅಂಗಿಯ ಬಣ್ಣ ಸ್ಪಷ್ಟವಾಗಿ ಉಳಿದು, ಯಾವುದರ ನಂತರ ಯಾವುದು ಎಂಬ ಕ್ರಮ ಕಲಸಿಹೋಗಿರುತ್ತದೆ.

ಇದು ಗೊತ್ತಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ನೀಡಿದ ಒಂದು ನಿರೀಕ್ಷಣಾ ಜಾಮೀನು ಆದೇಶದಲ್ಲಿ, ಕೃತ್ಯದ ನಂತರ ದಣಿದು ನಿದ್ದೆ ಹೋದೆ ಎಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬರ್ಥದ ಸಾಲು ಇತ್ತು. ವ್ಯಾಪಕ ಆಕ್ಷೇಪದ ನಂತರ ಆ ಸಾಲನ್ನು ತೆಗೆದುಹಾಕಲಾಯಿತು. ಆಘಾತದ ನಂತರದ ಬಳಲಿಕೆ, ಮಂಪರು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ನ್ಯಾಯಾಲಯದ ದಾಖಲೆಯಲ್ಲೇ ಇಂಥ ನಿರೀಕ್ಷೆ ನುಸುಳಬಹುದಾದರೆ, ಮಧ್ಯರಾತ್ರಿಯ ಪಾಳಿಯಲ್ಲಿರುವ ನರ್ಸ್ ಮನಸ್ಸಿನಲ್ಲಿ ಅದು ಇರುವುದು ಆಶ್ಚರ್ಯವಲ್ಲ. ‘ಅಳುತ್ತಿಲ್ಲ’, ‘ಕೂಗಲಿಲ್ಲವಂತೆ’, ‘ಮೂರು ದಿನ ಯಾಕೆ ಸುಮ್ಮನಿದ್ದಳು’ ಎಂಬ ಮಾತು ವಾರ್ಡಿನಲ್ಲಿ ಕೇಳಿಬಂದರೆ ಸಾಕು, ಬಂದವಳು ಮುಂದಿನ ಮಾತನ್ನು ನುಂಗಿಕೊಳ್ಳುತ್ತಾಳೆ.

ಸಕಲೇಶಪುರದ ತಾಲ್ಲೂಕು ಆಸ್ಪತ್ರೆಯನ್ನು ಊರವರು ಇಂದಿಗೂ ಕ್ರಾಫರ್ಡ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಹೆಸರು ಕಾಫಿ ತೋಟಗಾರನೊಬ್ಬನದು. ಅಲ್ಲಿಂದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಂದರೆ ಜನರ ಬಾಯಿಯ ಹಿಮ್ಸ್‌ಗೆ, ಸುಮಾರು 40 ಕಿಲೋಮೀಟರ್. ಆದರೆ ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಒಳತೋಟಗಳಿಂದ ಸಕಲೇಶಪುರ ತಲುಪುವುದೇ ಒಂದು ಪ್ರಯಾಣ. ಆಲೂರು ಪಟ್ಟಣ ಹಾಸನಕ್ಕೆ ಹತ್ತಿರ, ಆದರೂ ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಆನೆ ಹಿಂಡಿನ ಭಯಕ್ಕೆ ಜನ ರಸ್ತೆಗಿಳಿಯುವುದಿಲ್ಲ. ಮುಂಗಾರಿನಲ್ಲಿ ಗುಡ್ಡ ಕುಸಿದು ದಾರಿ ಕಟ್ಟುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಹೆದ್ದಾರಿಯೇ ನಿಂತಿತ್ತು. ಕೊಯ್ಲಿನ ಕಾಲದಲ್ಲಿ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ. ಇವೆಲ್ಲ ಸೇರಿ ಇಲ್ಲಿ ಆಸ್ಪತ್ರೆಗೆ ತಲುಪುವ ಹೊತ್ತನ್ನು ನಿರ್ಧರಿಸುತ್ತವೆ, ಮತ್ತು ಈ ಚಿಕಿತ್ಸೆಯಲ್ಲಿ ಹೊತ್ತಿಗಿರುವಷ್ಟು ಬೆಲೆ ಬೇರೆ ಯಾವುದಕ್ಕೂ ಇಲ್ಲ.

ಎಚ್‌ಐವಿ ಸೋಂಕು ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು. ಮೊದಲ ಎರಡು ಗಂಟೆಯಲ್ಲೇ ಕೊಟ್ಟರೆ ಉತ್ತಮ. ಅದನ್ನು 28 ದಿನ ಬಿಡದೆ ನುಂಗಬೇಕು. ಗರ್ಭ ನಿಲ್ಲದಂತೆ ಕೊಡುವ 1.5 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ಮಾತ್ರೆ ಬೇಗ ಕೊಟ್ಟಷ್ಟೂ ಕೆಲಸ ಮಾಡುತ್ತದೆ. ಐದನೇ ದಿನದವರೆಗೂ ಕೊಡಬಹುದು, ಆದರೆ ದಿನ ಕಳೆದಂತೆ ಪರಿಣಾಮ ತಗ್ಗುತ್ತದೆ. ಅದೇ ಅವಧಿಯಲ್ಲಿ ಕಾಪರ್-ಟಿ ಹಾಕಿದರೆ ಇನ್ನೂ ಖಚಿತ. ಹೆಪಟೈಟಿಸ್ ಬಿ ಲಸಿಕೆ, ಗಾಯವಿದ್ದರೆ ಟೆಟನಸ್ ಚುಚ್ಚುಮದ್ದು, ಇತರ ಲೈಂಗಿಕ ಸೋಂಕುಗಳಿಗೆ ಆಂಟಿಬಯೋಟಿಕ್ ಇವುಗಳ ಜೊತೆಗೆ ಬರುತ್ತವೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಆಸ್ಪತ್ರೆ ಬೇಕಿಲ್ಲ. ತುರ್ತು ಗರ್ಭನಿರೋಧಕ ಮಾತ್ರೆ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇರುವಂಥದು. ಹೀಗಿರುವಾಗ ‘ಹಾಸನಕ್ಕೆ ಹೋಗಿ’ ಎಂಬ ಚೀಟಿ ಬರೆದು ಕಳಿಸುವುದು ಮುಂಜಾಗ್ರತೆಯಂತೆ ಕಂಡರೂ, ಮಲೆನಾಡಿನಲ್ಲಿ ಅದರಿಂದಲೇ ಗಂಟೆಗಳು ಕೈಜಾರುತ್ತವೆ. ಮೊದಲ ಡೋಸ್ ಹತ್ತಿರದ ಆಸ್ಪತ್ರೆಯಲ್ಲಿ ಕೊಟ್ಟು, ಆಮೇಲೆ ಅಗತ್ಯವಿದ್ದರೆ 108 ಆಂಬುಲೆನ್ಸ್‌ನಲ್ಲಿ ಮುಂದಕ್ಕೆ ಕಳಿಸುವುದೇ ಸರಿಯಾದ ಕ್ರಮ.

ಕಾನೂನೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನ ಪ್ರಕಾರ ಅತ್ಯಾಚಾರ, ಆಸಿಡ್ ದಾಳಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿಯ ಗಂಭೀರ ಅಪರಾಧಗಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ. ಎಫ್‌ಐಆರ್ ತನ್ನಿ, ಪೊಲೀಸರನ್ನು ಕರೆತನ್ನಿ, ಆಧಾರ್ ತೋರಿಸಿ ಎಂದು ತಡೆಯುವಂತಿಲ್ಲ. ಮಕ್ಕಳ ವಿಷಯದಲ್ಲಿ 2020ರ ಪೋಕ್ಸೊ ನಿಯಮಗಳು ಇನ್ನೂ ಬಿಗಿಯಾಗಿವೆ. ತುರ್ತು ಚಿಕಿತ್ಸೆಗೆ ಮುಂಚೆ ಯಾವ ಕಾಗದವನ್ನೂ ಕೇಳಬಾರದು.

ಅದೇ 397ನೇ ಕಲಮು ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕೆಂದೂ ಹೇಳುತ್ತದೆ. ಇಲ್ಲೊಂದು ಗಂಟು ಇದೆ. ದೂರು ಕೊಡಲು ಮನಸ್ಸಿಲ್ಲದ, ಔಷಧಿ ಮಾತ್ರ ಬೇಕಾದ ಹೆಣ್ಣುಮಗಳು ಪೊಲೀಸರ ಹೆಸರು ಕೇಳಿಯೇ ಎದ್ದು ಹೋಗಬಹುದು. ಆಸ್ಪತ್ರೆ ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ, ದಾಖಲಿಸುವುದು ಬೇರೆ, ಆಕೆ ಹೇಳಿಕೆ ಕೊಡುವುದು ಬೇರೆ. ಪರೀಕ್ಷೆಗಾಗಲಿ, ಸಾಕ್ಷ್ಯ ಸಂಗ್ರಹಕ್ಕಾಗಲಿ, ಪೊಲೀಸರೊಂದಿಗಿನ ಮಾತಿಗಾಗಲಿ ಆಕೆ ಬೇಡ ಎಂದರೆ ಆ ನಿರಾಕರಣೆಯನ್ನು ಬರೆದಿಟ್ಟು ಚಿಕಿತ್ಸೆ ಮುಂದುವರಿಸಬೇಕು ಎಂಬುದು ಮಾರ್ಗಸೂಚಿಯ ನಿಲುವು. ಇದನ್ನು ಮೊದಲೇ, ಆಕೆಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಹೇಳಿದ ಮೇಲೆ ಗೊತ್ತಾಗುವುದಕ್ಕೂ ಗೊತ್ತಿಲ್ಲದೆ ಬಾಗಿಲಲ್ಲಿ ಪೇದೆ ನಿಂತಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಹದಿನೆಂಟರೊಳಗಿನವರಾದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವರದಿ ಮಾಡಲೇಬೇಕು, ಅದರಲ್ಲಿ ಆಯ್ಕೆಯಿಲ್ಲ. ಒಂದು ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಕೊಟ್ಟಿದೆ: ಒಪ್ಪಿಗೆಯ ಸಂಬಂಧದಲ್ಲಿ ಬಸಿರಾದ ಅಪ್ರಾಪ್ತೆ ಗರ್ಭಪಾತಕ್ಕೆ ಬಂದಾಗ, ಆಕೆ ಮತ್ತು ಪೋಷಕರು ಕೋರಿದರೆ, ವೈದ್ಯರು ವರದಿಯಲ್ಲಿ ಹೆಸರು ಬಯಲು ಮಾಡಬೇಕಿಲ್ಲ.

ಮಲೆನಾಡಿನ ಸಂದರ್ಭದಲ್ಲಿ ಕಾನೂನು ಕಾಣದ ಇನ್ನೊಂದು ಪ್ರಶ್ನೆಯೆಂದರೆ, ಆಕೆಯನ್ನು ಕರೆತಂದವರು ಯಾರು. ತೋಟದ ಕೂಲಿಕಾರರ ಲೈನ್ ಮನೆಯಿಂದ ಪೇಟೆಗೆ ಬರಲು ಬಹಳ ಸಲ ತೋಟದ ಜೀಪೇ ಗತಿ. ಜೀಪಿನ ಜೊತೆಗೆ ಮೇಸ್ತ್ರಿಯೋ ರೈಟರೋ ಬರುತ್ತಾನೆ. ಅವನು ಒಳ್ಳೆಯವನಿರಬಹುದು. ಆದರೂ ಕೂಲಿ, ಮುಂಗಡ, ಮನೆ ಎಲ್ಲವೂ ಅವನ ಕೈಯಲ್ಲಿರುವಾಗ ಅವನೆದುರು ಸತ್ಯ ಹೊರಬರುವುದಿಲ್ಲ. ಈಗ ತೋಟಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯ ಕಾರ್ಮಿಕರೂ ಇದ್ದಾರೆ. ಅವರಿಗೆ ಕನ್ನಡ ಬಾರದು, ಮತ್ತೆ ಭಾಷಾಂತರಕ್ಕೆ ನಿಲ್ಲುವವನು ಅದೇ ಮೇಸ್ತ್ರಿ. ಜೊತೆಗಿರುವವರನ್ನು, ಅವರು ಗಂಡನಾಗಲಿ ಅತ್ತೆಯಾಗಲಿ, ‘ಚೀಟಿ ಮಾಡಿಸಿ ಬನ್ನಿ’ ಎಂದು ನಯವಾಗಿ ಹೊರಗೆ ಕಳಿಸಿ ಒಂಟಿಯಾಗಿ ಮಾತಾಡಿಸುವ ಜಾಣ್ಮೆ ಹಳೆಯ ದಾದಿಯರಿಗೆ ಚೆನ್ನಾಗಿ ಗೊತ್ತು. ಭಾಷೆ ಬಾರದಿದ್ದಲ್ಲಿ ಫೋನಿನಲ್ಲಿ ಬೇರೆ ಊರಿನ ಮಹಿಳೆಯೊಬ್ಬರಿಂದ ಹೇಳಿಸುವುದು, ತೋಟದ ಒಳಗಿನವರಿಂದ ಹೇಳಿಸುವುದಕ್ಕಿಂತ ಮೇಲು.

ಮಾತಾಡಿಸುವ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ ಸರಳ ಕ್ರಮವೊಂದನ್ನು ಸೂಚಿಸಿದೆ. ಅಡ್ಡ ಬಾಯಿ ಹಾಕದೆ ಕೇಳುವುದು, ಈಗ ಏನು ಬೇಕೆಂದು ವಿಚಾರಿಸುವುದು, ನಂಬಿದ್ದೇನೆ ಎಂದು ತಿಳಿಸುವುದು, ಮನೆಗೆ ಮರಳಿದರೆ ಅಪಾಯವಿದೆಯೇ ಎಂದು ನೋಡುವುದು, ಮುಂದಿನ ನೆರವಿಗೆ ದಾರಿ ತೋರಿಸುವುದು. ‘ತಪ್ಪು ನಿಮ್ಮದಲ್ಲ’ ಎಂಬ ಒಂದು ಮಾತು ಹೇಳಲು ಪರಿಣತಿ ಬೇಕಿಲ್ಲ. ಕೂಡಲೇ ನಡೆದದ್ದನ್ನೆಲ್ಲ ಹೇಳಿಸಿ ‘ಮನಸ್ಸು ಹಗುರ ಮಾಡಿಸುವ’ ಪದ್ಧತಿಯಿಂದ ಪ್ರಯೋಜನವಿಲ್ಲ ಎಂದು ಅದೇ ಸಂಸ್ಥೆಯ 2013ರ ಶಿಫಾರಸುಗಳು ಎಚ್ಚರಿಸುತ್ತವೆ. ನಿದ್ದೆ ಬರಲೆಂದು ಡೈಜೆಪಾಮ್ ಗುಂಪಿನ ಮಾತ್ರೆ ಬರೆದುಕೊಡುವ ಅಭ್ಯಾಸವೂ ಆಘಾತದ ಮೊದಲ ತಿಂಗಳಲ್ಲಿ ಸಲ್ಲದು. ಒಂದೇ ಕಥೆಯನ್ನು ದಾದಿಗೆ, ಕಿರಿಯ ವೈದ್ಯರಿಗೆ, ತಜ್ಞರಿಗೆ, ಪೊಲೀಸರಿಗೆ, ಮತ್ತೆ ಹಾಸನದಲ್ಲಿ ಇನ್ನೊಬ್ಬರಿಗೆ ಹೇಳಿಸುವುದು ಆಸ್ಪತ್ರೆಗಳು ತಿಳಿಯದೆ ಮಾಡುವ ಗಾಯ. ಒಬ್ಬರು ಕೇಳಿ ಪೂರ್ತಿ ಬರೆದರೆ ಉಳಿದವರು ಓದಿಕೊಳ್ಳಬಹುದು.

ಪರೀಕ್ಷೆ ಪ್ರತ್ಯೇಕ ಕೋಣೆಯಲ್ಲಿ ನಡೆಯಬೇಕು, ಪೊಲೀಸರು ಹೊರಗಿರಬೇಕು. ಮಹಿಳಾ ವೈದ್ಯರು ಇದ್ದರೆ ಒಳಿತು. ಇಲ್ಲವೆಂದು ಗಂಟೆಗಟ್ಟಲೆ ಕಾಯಿಸುವಂತಿಲ್ಲ, ಮಹಿಳಾ ಸಿಬ್ಬಂದಿಯ ಸಮ್ಮುಖದಲ್ಲಿ ಪುರುಷ ವೈದ್ಯರು ಮಾಡಬಹುದು. ಹೆಣ್ಣುಮಗುವಾದರೆ ಮಾತ್ರ ಪೋಕ್ಸೊ ಕಾಯ್ದೆ ಮಹಿಳಾ ವೈದ್ಯರನ್ನೇ ಕೇಳುತ್ತದೆ, ಮಗು ನಂಬುವ ಹಿರಿಯರೊಬ್ಬರು ಜೊತೆಗಿರಬೇಕು. ಏನು ಮಾಡಲಿದ್ದೇವೆ, ಯಾಕೆ ಎಂದು ಪ್ರತಿ ಹಂತದಲ್ಲೂ ಹೇಳಿ, ‘ಸಾಕು’ ಎಂದಾಗ ನಿಲ್ಲಿಸಬೇಕು. ಒಪ್ಪಿಗೆ ಅಂದರೆ ಒಂದು ಹೆಬ್ಬೆಟ್ಟಲ್ಲ. ತೋಳಿನ ಗಾಯ ತೋರಿಸಲು ಒಪ್ಪಿದವಳು ಒಳಪರೀಕ್ಷೆ ಬೇಡ ಎನ್ನಬಹುದು.

ಎರಡು ಬೆರಳಿನ ಪರೀಕ್ಷೆಯ ಮಾತು ಇಲ್ಲಿ ಬರಲೇಬೇಕು. ಯೋನಿಯ ಸಡಿಲತೆ ನೋಡಿ ‘ಸಂಭೋಗಕ್ಕೆ ರೂಢಿಯಾದವಳು’ ಎಂದು ಬರೆಯುತ್ತಿದ್ದ ಈ ಪದ್ಧತಿಗೆ ವೈಜ್ಞಾನಿಕ ಆಧಾರ ಎಂದೂ ಇರಲಿಲ್ಲ. ಇದು ಘನತೆಗೆ, ಖಾಸಗಿತನಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು, ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಮರುವರ್ಷ ನಿಷೇಧಿಸಿತು. ಆದರೂ ನಿಲ್ಲದಿದ್ದಾಗ 2022ರ ಅಕ್ಟೋಬರ್ 31ರಂದು ಜಾರ್ಖಂಡ್ ರಾಜ್ಯ ವಿರುದ್ಧ ಶೈಲೇಂದ್ರ ಕುಮಾರ್ ರಾಯ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇದನ್ನು ಮಾಡುವವರು ದುರ್ನಡತೆಯ ಅಪರಾಧಿಗಳೆಂದು ಘೋಷಿಸಿ, ವೈದ್ಯಕೀಯ ಪಠ್ಯದಿಂದಲೂ ತೆಗೆಯಲು ಹೇಳಬೇಕಾಯಿತು. ಪಠ್ಯದಲ್ಲಿ ಕಲಿತದ್ದು ಕೈಬಿಡಲು ಒಂದು ತಲೆಮಾರು ಹಿಡಿಯುತ್ತದೆ. ಗಾಯದ ಗುರುತಿಲ್ಲದ್ದು ಏನನ್ನೂ ಅಲ್ಲಗಳೆಯುವುದಿಲ್ಲ ಎಂಬುದೂ ಇಂಥದೇ ಪಾಠ. ಮಥುರಾ ಎಂಬ ಹುಡುಗಿಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಗಾಯವಿಲ್ಲ, ಪ್ರತಿರೋಧವಿಲ್ಲ ಎಂಬ ತರ್ಕದ ಮೇಲೆ 1978ರಲ್ಲಿ ಆರೋಪಿ ಪೊಲೀಸರು ಬಿಡುಗಡೆಯಾದರು. ಅದರ ವಿರುದ್ಧ ಎದ್ದ ಚಳವಳಿಯಿಂದ 1983ರಲ್ಲಿ ಕಾನೂನೇ ಬದಲಾಯಿತು. ಇಂದು ವರದಿ ಬರೆಯುವ ವೈದ್ಯರು ‘ಗಾಯವಿಲ್ಲ’ ಎಂದು ನಿಲ್ಲಿಸದೆ, ಗಾಯ ಕಾಣದಿರಲು ಕಾರಣಗಳನ್ನೂ ಬರೆಯಬೇಕು: ತಡವಾಗಿ ಬಂದದ್ದು, ಸ್ನಾನ ಮಾಡಿದ್ದು, ಬೆದರಿಕೆ, ಮರಗಟ್ಟಿದ್ದು.

ದೇಹದಿಂದ ಸಾಕ್ಷ್ಯ ಸಿಗುವ ಅವಧಿಯನ್ನು ಮಾರ್ಗಸೂಚಿ 96 ಗಂಟೆ ಎಂದು ಇಟ್ಟಿದೆ. ಅದು ಮೀರಿದರೂ ಪರೀಕ್ಷೆ, ಚಿಕಿತ್ಸೆ, ದಾಖಲೆ ಬೇಕು. ಬಟ್ಟೆಯ ಆಯಸ್ಸು ಹೆಚ್ಚು. ನೆರಳಿನಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಟ್ಟರೆ ಉಳಿಯುತ್ತದೆ. ಪ್ಲಾಸ್ಟಿಕ್‌ನಲ್ಲಿ ಒದ್ದೆಯಾಗಿ ಕಟ್ಟಿದರೆ ಬೂಸಲು ಹಿಡಿಯುತ್ತದೆ. ಜೂನ್, ಜುಲೈ ತಿಂಗಳಲ್ಲಿ ಸೌದೆಯೂ ಒಣಗದ ಊರಿನಲ್ಲಿ ಈ ಎಚ್ಚರ ಹೆಚ್ಚೇ ಬೇಕು. ಬಟ್ಟೆ ಎಷ್ಟು ಕಾಲ ಸಾಕ್ಷಿ ಹೇಳಬಲ್ಲದು ಎಂಬುದಕ್ಕೆ ಜಿಲ್ಲೆಯದೇ ಉದಾಹರಣೆಯಿದೆ. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಅಪರಾಧಿ ಎಂದು ತೀರ್ಮಾನಿಸಿ ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅಲ್ಲಿ ಘಟನೆಯಾಗಿ ಬಹುಕಾಲದ ನಂತರ ಸಿಕ್ಕ ಸೀರೆಯ ಮೇಲಿನ ಡಿಎನ್‌ಎ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಗಿತ್ತು.

ಪ್ರಜ್ವಲ್ ವಿರುದ್ಧದ ಪ್ರಕರಣಗಳ ಸರಣಿ ಜಿಲ್ಲೆಗೆ ಇನ್ನೊಂದು ವಿಷಯವನ್ನೂ ತೋರಿಸಿತು. 2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಹೊತ್ತಿಗೆ ಪೆನ್‌ಡ್ರೈವ್‌ಗಳಲ್ಲಿ ವಿಡಿಯೊಗಳು ಹರಡಿದಾಗ ಅವುಗಳಲ್ಲಿದ್ದ ಹೆಂಗಸರ ಮುಖಗಳನ್ನು ಯಾರೂ ಮರೆಮಾಡಿರಲಿಲ್ಲ. ನ್ಯಾಯ ಕೇಳುವ ಮೊದಲೇ ಅವರ ಗುರುತು ಊರೂರಿಗೆ ತಲುಪಿತ್ತು. ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಎರಡು ವರ್ಷದವರೆಗಿನ ಸಜೆಯ ಅಪರಾಧ. ಆಸ್ಪತ್ರೆಯ ಮಟ್ಟಿಗೆ ಇದರ ಅರ್ಥ ಬಹಳ ಸಣ್ಣ ಸಣ್ಣ ಸಂಗತಿಗಳಲ್ಲಿದೆ: ರಿಜಿಸ್ಟರ್‌ನಲ್ಲಿ ಕೆಂಪು ಶಾಯಿ, ಸಾಲಿನಲ್ಲಿ ಗಟ್ಟಿಯಾಗಿ ಕೂಗುವ ಹೆಸರು, ಆಂಬುಲೆನ್ಸ್ ಚಾಲಕನ ವಾಟ್ಸ್‌ಆ್ಯಪ್. ಎಲ್ಲರೂ ಎಲ್ಲರಿಗೂ ಗೊತ್ತಿರುವ ತಾಲ್ಲೂಕಿನಲ್ಲಿ ತೋಟದ ಹೆಸರು ಹೇಳಿದರೆ ಹೆಂಗಸಿನ ಹೆಸರು ಹೇಳಿದಂತೆಯೇ.

ಬಸಿರು ನಿಂತಿದ್ದರೆ ಮುಂದಿನ ದಾರಿಯನ್ನು ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಹೇಳುತ್ತದೆ. ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರಿಗೆ, ಅಪ್ರಾಪ್ತೆಯರಿಗೆ 24 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕು. ಅದನ್ನು ದಾಟಿದರೆ ಹೈಕೋರ್ಟಿನ ಮೊರೆ ಹೋಗಬೇಕು. ಗಂಡನಿಂದಾದ ಬಲಾತ್ಕಾರವೂ ಈ ಕಾಯ್ದೆಯ ಉದ್ದೇಶಕ್ಕೆ ಅತ್ಯಾಚಾರವೇ ಎಂದು 2022ರ ಆ ಸೆಪ್ಟೆಂಬರ್ ತೀರ್ಪು ಹೇಳಿದೆ. ಶಿಕ್ಷೆಯ ಕಾನೂನು ಅಷ್ಟು ಮುಂದೆ ಹೋಗಿಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪ ರದ್ದುಮಾಡಲು ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ವಯಸ್ಕ ಗಂಡಸರು, ಲಿಂಗಪರಿವರ್ತಿತರು ದೌರ್ಜನ್ಯಕ್ಕೆ ಒಳಗಾದರೆ ಹೊಸ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡ ಸಂಹಿತೆಯ 377ನೇ ಕಲಮಿಗೆ ಬದಲಿಯೇ ಇಲ್ಲ. ಕಾನೂನಿನ ಈ ತೂತುಗಳು ವೈದ್ಯರ ಕೈ ಕಟ್ಟುವುದಿಲ್ಲ. ಸೋಂಕು ತಡೆಯುವ ಮಾತ್ರೆಗೆ ಆರೋಪಿಯಾರು ಎಂಬುದು ಗೊತ್ತಾಗಬೇಕಿಲ್ಲ.

ಮನೆಗೆ ಮರಳಿದ ಮೇಲಿನ ವಾರಗಳು ಹೆಚ್ಚು ಕಷ್ಟ. 28 ದಿನದ ಮಾತ್ರೆಯಿಂದ ಓಕರಿಕೆ, ತಲೆಸುತ್ತು ಬರಬಹುದು. ಒಂದೇ ಕೋಣೆಯ ಲೈನ್ ಮನೆಯಲ್ಲಿ ಮಾತ್ರೆ ಡಬ್ಬಿ ಮುಚ್ಚಿಡುವುದೆಲ್ಲಿ? ಆಶಾ ಕಾರ್ಯಕರ್ತೆ ಪದೇಪದೇ ಬಂದರೆ ನೆರೆಯವರ ಕಣ್ಣು ಬೀಳುತ್ತದೆ. ರಕ್ತಹೀನತೆಗೆ, ಮಕ್ಕಳ ಲಸಿಕೆಗೆ ಬರುವ ಭೇಟಿಗಳ ಜೊತೆಗೇ ಇದನ್ನು ಹೊಂದಿಸಿಕೊಂಡರೆ ಗುಟ್ಟು ಉಳಿಯುತ್ತದೆ. ಎಚ್‌ಐವಿ ಪರೀಕ್ಷೆ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಮರುಕಳಿಸಬೇಕು. ಆ ದಿನಗಳನ್ನು ಬಸ್ಸು, ಕೊಯ್ಲು, ಮಳೆ ನೋಡಿ ಗೊತ್ತುಮಾಡಿದರೆ ಮಾತ್ರ ಬರುವುದು ಸಾಧ್ಯ. ದುಃಸ್ವಪ್ನ, ಬೆಚ್ಚಿಬೀಳುವುದು, ಆ ದಾರಿಯಲ್ಲಿ ನಡೆಯಲಾಗದಿರುವುದು ಬಹಳ ಮಂದಿಗೆ ತಿಂಗಳುಗಳಲ್ಲಿ ತಗ್ಗುತ್ತವೆ. ತಗ್ಗದವರಿಗೆ ಚಿಕಿತ್ಸೆ ಬೇಕು. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶವೇ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬರುವಂತೆ ಮಾಡುವುದು. ನಿಮ್ಹಾನ್ಸ್ ನೇತೃತ್ವದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮನಸ್‌ನ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಬೆಟ್ಟದ ಮರೆಯ ತೋಟಗಳಲ್ಲಿ ಸಿಗ್ನಲ್ ಸಿಗುವ ತಿರುವು ಯಾವುದೆಂದು ಹೇಳಿಕೊಡುವುದೂ ಆರೈಕೆಯ ಭಾಗ.

ಒಂದೇ ಸೂರಿನಡಿ ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ಆಸರೆ ಒದಗಿಸುವ ಸಖಿ ಕೇಂದ್ರಗಳ ಯೋಜನೆ 2015ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದು ಜಿಲ್ಲೆಗೊಂದರಂತೆ ರೂಪಿಸಿದ್ದು, ಎಂದರೆ ಘಟ್ಟದಂಚಿನ ಹಳ್ಳಿಯಿಂದ ಅರ್ಧ ದಿನದ ದೂರ. ಪರಿಹಾರ ಕೊಡಿಸುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕೆಲಸ. ರಾಷ್ಟ್ರೀಯ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ನಿಗದಿಯಾಗಿದೆ. ನೊಂದವರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು ಆರೋಪಿ ಬೇರೆಯವನಾದರೆ ದೌರ್ಜನ್ಯ ತಡೆ ನಿಯಮಗಳ 2016ರ ತಿದ್ದುಪಡಿಯಂತೆ 5 ಲಕ್ಷ ರೂಪಾಯಿ ನೆರವು ಬೇರೆಯೇ ಇದೆ. ಅದರ ಅರ್ಧ ಭಾಗ ಬಿಡುಗಡೆಯಾಗುವುದು ವೈದ್ಯಕೀಯ ಪರೀಕ್ಷೆ ಮತ್ತು ದೃಢೀಕರಣ ವರದಿಯ ನಂತರ. ತೋಟದ ಕೂಲಿಯಲ್ಲಿ ದಲಿತ ಹೆಣ್ಣುಮಕ್ಕಳು ಬಹಳ ಇರುವ ಈ ಎರಡು ತಾಲ್ಲೂಕುಗಳಲ್ಲಿ ವರದಿ ಒಂದು ವಾರ ತಡವಾದರೆ ಹಣವೂ ತಡವಾಗುತ್ತದೆ. ಸುರಕ್ಷಾ ಸಂಹಿತೆಯ 184ನೇ ಕಲಮು ಆ ವರದಿ ಏಳು ದಿನದೊಳಗೆ ತನಿಖಾಧಿಕಾರಿಯ ಕೈಸೇರಬೇಕೆಂದು ಗಡುವು ಹಾಕಿದೆ. ವಿಚಾರಣೆ ಬರುವ ಹೊತ್ತಿಗೆ ವರದಿ ಬರೆದ ವೈದ್ಯರಿಗೆ ಬೇರೆ ಜಿಲ್ಲೆಗೆ ವರ್ಗವಾಗಿರುತ್ತದೆ, ಪರೀಕ್ಷೆಯ ದಿನ ಜೊತೆಗಿದ್ದ ದಾದಿ ನಿವೃತ್ತರಾಗಿರುತ್ತಾರೆ. ಸಾಕ್ಷಿ ಕಟ್ಟೆಗೆ ಇಬ್ಬರೂ ಬರಬೇಕು. ಹೇಳಿಕೆ ಕೊಡಲು ಬರುವ ಹೆಣ್ಣುಮಗಳಿಗೆ ಆ ದಿನ ಏನೇನು ಕೇಳಬಹುದು, ಎಲ್ಲಿ ಕೂರಬೇಕು, ಜೊತೆಗೆ ಯಾರಿರಬಹುದು ಎಂದು ಮುಂಚೆಯೇ ತಿಳಿಸಿಕೊಡುವ ಕೆಲಸ ಆಪ್ತಸಮಾಲೋಚಕರದು.